ಮುತ್ತಿನ ನದಿಯ ಹದಿಮೂರು ಕೋಠಿಗಳು

ದಕ್ಷಿಣ ಚೀನದ ಗ್ವಾಂಗ್‌ಝೌ ನಗರವನ್ನು ಪಾಶ್ಚಾತ್ಯರು ಬಹುಕಾಲ ಕ್ಯಾಂಟನ್ ಎಂದೇ ಕರೆಯುತ್ತಿದ್ದರು. ಹಳೆಯ ನಕ್ಷೆಗಳಲ್ಲಿ ಕಾಣುವ ಹೆಸರೂ ಅದೇ. ೨೦೨೦ರ ಜನಗಣತಿಯಂತೆ ಒಂದು ಕೋಟಿ ಎಂಬತ್ತಾರು ಲಕ್ಷ ಜನರಿಗೆ ನೆಲೆಯಾಗಿದ್ದ ಈ ಮಹಾನಗರದ ನಡುವೆ ಮುತ್ತಿನ ನದಿ ಹರಿಯುತ್ತದೆ. ಹೆಸರು ಮುತ್ತಿನದಾದರೂ ನೀರಿನ ಬಣ್ಣ ಮಣ್ಣಿನದು. ಮಳೆಗಾಲದ ಕಾವೇರಿಯನ್ನು ಕಂಡವರಿಗೆ ಆ ಬಣ್ಣ ಹೊಸದೆನಿಸದು.

ನಗರದ ನೈರುತ್ಯ ಭಾಗದಲ್ಲಿ, ಈ ನದಿಯ ಅಂಚಿನಲ್ಲಿ, ಷಾಮಿಯನ್ ಎಂಬ ಪುಟ್ಟ ದ್ವೀಪವಿದೆ. ಅದರ ಉದ್ದ ಒಂದು ಕಿಲೋಮೀಟರಿಗೂ ಕಡಿಮೆ. ಊರಿಗೂ ದ್ವೀಪಕ್ಕೂ ನಡುವೆ ಇರುವುದು ಒಂದು ಕಿರಿದಾದ ಕಾಲುವೆ ಮಾತ್ರ. ಆದರೆ ಸೇತುವೆಯನ್ನು ದಾಟಿದೊಡನೆ ಬೇರೊಂದು ಲೋಕವೇ ತೆರೆದಂತಾಗುತ್ತದೆ. ಆಲದ ಜಾತಿಯ ಹೆಮ್ಮರಗಳು ಬಿಳಲುಗಳನ್ನು ಇಳಿಬಿಟ್ಟು ಸಾಲಾಗಿ ನಿಂತಿವೆ. ಕಂಬಗಳ ಮೊಗಸಾಲೆಗಳು, ಎತ್ತರವಾದ ಕಿಟಕಿಗಳು, ಎರಡು ಇಗರ್ಜಿಗಳು. ಯೂರೋಪಿನ ಯಾವುದೋ ಊರಿನಿಂದ ಒಂದು ಬೀದಿಯನ್ನು ಕಿತ್ತು ತಂದು ಇಲ್ಲಿ ನೆಟ್ಟಂತಿದೆ. ಮದುವೆಯಾಗಲಿರುವ ಜೋಡಿಗಳು ಚಿತ್ರ ತೆಗೆಸಿಕೊಳ್ಳಲು ಇಲ್ಲಿಗೆ ಬರುವುದುಂಟು. ಕಾಲುವೆಯ ಆಚೆ ದಂಡೆಯ ರಸ್ತೆಗೆ ಮಾತ್ರ ಒಂದು ವಿಚಿತ್ರವಾದ ಹೆಸರಿದೆ: ‘ಆರು-ಎರಡು-ಮೂರು ರಸ್ತೆ’. ಅಂಕಿಗಳನ್ನೇ ಹೆಸರಾಗಿ ಹೊತ್ತ ಈ ರಸ್ತೆಯ ಕಥೆ ಮುಂದೆ ಬರುತ್ತದೆ.

ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಒಂದು ಸಾರ್ವಜನಿಕ ಉದ್ಯಾನ ಸಿಕ್ಕುತ್ತದೆ. ಅದರ ಸಮೀಪದಲ್ಲಿಯೇ ‘ಹದಿಮೂರು ಮಳಿಗೆಗಳ ಬೀದಿ’. ಸಿದ್ಧ ಉಡುಪುಗಳ ಸಗಟು ವ್ಯಾಪಾರಕ್ಕೆ ಆ ಬೀದಿ ಹೆಸರಾದುದು. ಬಟ್ಟೆಯ ಮೂಟೆಗಳನ್ನು ಹೇರಿದ ಕೈಗಾಡಿಗಳು ಜನರ ನಡುವೆ ನುಸುಳಿಕೊಂಡು ಓಡಾಡುತ್ತವೆ. ದರ ಕೂಗುವ ದನಿಗಳಲ್ಲಿ ಪಕ್ಕದವರ ಮಾತು ಕೇಳಿಸದು. ಚೀನಕ್ಕೂ ಪಶ್ಚಿಮದ ದೇಶಗಳಿಗೂ ನಡೆಯುವ ವಾಣಿಜ್ಯದ ಸೆಣಸಾಟವನ್ನು ದಿನಪತ್ರಿಕೆಗಳಲ್ಲಿ ಓದುವವರು, ಆ ಕಥೆಯ ಮೊದಲ ಅಧ್ಯಾಯ ನಡೆದ ಸ್ಥಳವನ್ನು ನೋಡಬೇಕಾದರೆ, ಈ ಉದ್ಯಾನಕ್ಕೂ ಈ ಬೀದಿಗೂ ಬರಬೇಕು.

ಗೋಡೆಯ ಹೊರಗಿನ ಅತಿಥಿಗಳು

೧೭೫೭ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯು ಸಮುದ್ರಮಾರ್ಗವಾಗಿ ಬರುವ ಪಾಶ್ಚಾತ್ಯ ವರ್ತಕರಿಗೆ ಕ್ಯಾಂಟನ್ ಒಂದನ್ನು ಬಿಟ್ಟು ಉಳಿದ ರೇವುಗಳನ್ನೆಲ್ಲ ಮುಚ್ಚಿದನು. ಅಲ್ಲಿಂದ ಮುಂದೆ ಎಂಬತ್ತೈದು ವರ್ಷಗಳ ಕಾಲ ಇಂಗ್ಲಿಷರು, ಡಚ್ಚರು, ಫ್ರೆಂಚರು, ಸ್ವೀಡನ್ನಿನವರು, ಡೇನರು, ಕೊನೆಗೆ ಅಮೆರಿಕನರು, ಎಲ್ಲರೂ ಈ ಒಂದೇ ಬಾಗಿಲನ್ನು ತಟ್ಟಬೇಕಾಯಿತು. ಆ ಬಾಗಿಲಾದರೂ ಊರಿನ ಒಳಕ್ಕೆ ತೆರೆಯುತ್ತಿರಲಿಲ್ಲ. ಕೋಟೆಗೋಡೆಯ ಹೊರಗೆ, ನದಿಯ ದಂಡೆಯಲ್ಲಿ, ಸುಮಾರು ಸಾವಿರ ಅಡಿ ಅಗಲದ ಜಾಗದಲ್ಲಿ ಅವರಿಗಾಗಿ ಕೋಠಿಗಳ ಸಾಲು ಎದ್ದಿತು. ಇವೇ ಹದಿಮೂರು ಕೋಠಿಗಳು. ಕೆಳಗೆ ಉಗ್ರಾಣ, ಮೇಲೆ ವಾಸ. ಮುಂದೆ ಆಯಾ ದೇಶದ ಬಾವುಟ.

ಈ ಅತಿಥಿಗಳಿಗೆ ವಿಧಿಸಿದ್ದ ಕಟ್ಟಳೆಗಳು ಒಂದೆರಡಲ್ಲ. ಊರಿನ ಒಳಗೆ ಕಾಲಿಡಬಾರದು. ಆಯುಧ ತರಬಾರದು. ವ್ಯಾಪಾರದ ಕಾಲ ಮುಗಿದೊಡನೆ ಮಕಾವ್‌ಗೆ ಹಿಂದಿರುಗಬೇಕು. ಹೆಂಗಸರನ್ನು ಕರೆತರಲೇಕೂಡದು. ೧೮೩೦ರಲ್ಲಿ ಹ್ಯಾರಿಯೆಟ್ ಲೋ ಎಂಬ ಅಮೆರಿಕನ್ ತರುಣಿ ತನ್ನ ಚಿಕ್ಕಮ್ಮನೊಡನೆ ಕ್ಯಾಂಟನ್ನಿಗೆ ಬಂದಾಗ, ಆಕೆ ಹೊರಡದಿದ್ದರೆ ಚಿಕ್ಕಪ್ಪನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅಧಿಕಾರಿಗಳು ಎಚ್ಚರಿಸಿದರು. ಕೆಲವೇ ದಿನಗಳಲ್ಲಿ ಆಕೆ ಮಕಾವ್‌ಗೆ ಮರಳಬೇಕಾಯಿತು.

ಚೀನೀ ಭಾಷೆಯನ್ನು ಪರಕೀಯರಿಗೆ ಕಲಿಸುವುದೂ ಅಪರಾಧವೇ. ೧೭೫೯ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷನು ಚಕ್ರವರ್ತಿಗೆ ಚೀನೀ ಭಾಷೆಯಲ್ಲಿ ಅಹವಾಲನ್ನು ಕಳುಹಿಸಿದುದಕ್ಕಾಗಿ ಮೂರು ವರ್ಷ ಸೆರೆಯಲ್ಲಿರಬೇಕಾಯಿತು. ಆ ಅಹವಾಲನ್ನು ಬರೆಯಲು ನೆರವಾದ ಚೀನೀಯನಿಗೆ ದೊರೆತುದು ಮರಣದಂಡನೆ.

ಹೀಗಿರಲು ವ್ಯಾಪಾರದ ಮಾತುಕತೆ ನಡೆದುದಾದರೂ ಹೇಗೆ? ಇಂಗ್ಲಿಷ್, ಪೋರ್ಚುಗೀಸ್, ಕ್ಯಾಂಟನ್ನಿನ ಚೀನೀ ಮತ್ತು ಭಾರತದ ರೇವುಗಳ ನುಡಿಗಳು ಬೆರೆತು ‘ಪಿಜಿನ್’ ಎಂಬ ಒಂದು ಕಲಬೆರಕೆ ಮಾತು ಹುಟ್ಟಿಕೊಂಡಿತು. ನಾಣ್ಯಗಳನ್ನು ಪರೀಕ್ಷಿಸುವ ಚೀನೀಯನಿಗೆ ಅಲ್ಲಿ ‘ಶ್ರಾಫ್’ ಎಂದು ಹೆಸರು. ಅವನು ನಮ್ಮ ಪೇಟೆಯ ಸರಾಫನೇ. ಚೀನದ ಅಧಿಕಾರಿಗೆ ಪಾಶ್ಚಾತ್ಯರು ಇಟ್ಟ ‘ಮ್ಯಾಂಡರಿನ್’ ಎಂಬ ಹೆಸರಂತೂ ಸಂಸ್ಕೃತದ ‘ಮಂತ್ರಿ’ಯು ಮಲಯ ದೇಶವನ್ನು ಹಾಯ್ದು, ಪೋರ್ಚುಗೀಸರ ನಾಲಗೆಯ ಮೇಲೆ ಮಾರುವೇಷ ತಳೆದು ಬಂದುದು.

ಹಕ್ಕೋ, ಅನುಗ್ರಹವೋ?

ಪಾಶ್ಚಾತ್ಯರು ಇಷ್ಟೆಲ್ಲ ಕಟ್ಟುಪಾಡುಗಳನ್ನು ಸಹಿಸಿಕೊಂಡುದು ಮುಖ್ಯವಾಗಿ ಒಂದು ಎಲೆಗಾಗಿ. ಚಹ ಆಗ ಬೇರೆಲ್ಲಿಯೂ ಆ ಪ್ರಮಾಣದಲ್ಲಿ ದೊರೆಯುತ್ತಿರಲಿಲ್ಲ. ೧೭೮೪ರಲ್ಲಿ ಬ್ರಿಟಿಷ್ ಸರ್ಕಾರ ಕಳ್ಳಸಾಗಣೆಯನ್ನು ತಡೆಯಲೆಂದು ಚಹದ ಮೇಲಿನ ಸುಂಕವನ್ನು ಶೇಕಡ ೧೧೯ರಿಂದ ಹನ್ನೆರಡೂವರೆಗೆ ಇಳಿಸಿತು. ಕ್ಯಾಂಟನ್ನಿನಿಂದ ಹೊರಡುವ ಚಹದ ಪೆಟ್ಟಿಗೆಗಳು ಭರದಿಂದ ಹೆಚ್ಚಿದವು.

ಅದಕ್ಕೆ ಪ್ರತಿಯಾಗಿ ಚೀನೀಯರಿಗೆ ಕೊಡುವುದೇನನ್ನು? ಇಂಗ್ಲಿಷರು ಉಣ್ಣೆಯ ಬಟ್ಟೆಯನ್ನು ಹೊತ್ತು ತಂದರು. ಕ್ಯಾಂಟನ್ ಇರುವುದು ಕರ್ಕಾಟಕ ವೃತ್ತದ ನೆರೆಯಲ್ಲಿ. ಅಲ್ಲಿನ ಸೆಕೆಯಲ್ಲಿ ಉಣ್ಣೆಯನ್ನು ಕೊಳ್ಳುವವರು ಯಾರು? ಅದು ಬಹುಮಟ್ಟಿಗೆ ನಷ್ಟದ ವ್ಯಾಪಾರವೇ ಆಯಿತು. ೧೭೮೪ರಲ್ಲಿ ನ್ಯೂಯಾರ್ಕಿನಿಂದ ಬಂದ ಮೊದಲ ಅಮೆರಿಕನ್ ಹಡಗು ‘ಎಂಪ್ರೆಸ್ ಆಫ್ ಚೀನ’ ಜಾಣತನದಿಂದ ಜಿನ್ಸೆಂಗ್ ಬೇರನ್ನು ತುಂಬಿಕೊಂಡು ಬಂದಿತು. ಚೀನೀ ವೈದ್ಯದಲ್ಲಿ ಅದಕ್ಕೆ ಬೆಲೆಯುಂಟು. ಭಾರತದಿಂದ ಹತ್ತಿ ಬಂದಿತು. ಮೈಸೂರು ಸೀಮೆಯ ಶ್ರೀಗಂಧವೂ ಪಶ್ಚಿಮ ಕರಾವಳಿಯ ರೇವುಗಳಿಂದ ಹಡಗೇರಿ ಚೀನದ ದೇವಾಲಯಗಳ ಧೂಪವಾಯಿತು. ಆದರೂ ಲೆಕ್ಕ ಸರಿತೂಗಲಿಲ್ಲ. ಉಳಿದುದನ್ನು ಬೆಳ್ಳಿಯಲ್ಲಿ ತೆರಬೇಕಾಗಿದ್ದಿತು. ಚೀನ ಮಾರುವುದು ಹೆಚ್ಚು, ಕೊಳ್ಳುವುದು ಕಡಿಮೆ ಎಂಬ ಗೊಣಗಾಟ ಪಶ್ಚಿಮದಲ್ಲಿ ಕೇಳಿಬಂದುದು ಆಗಿನಿಂದಲೇ.

ಈ ಗಂಟನ್ನು ಬಿಡಿಸಲು ಬ್ರಿಟನ್ ೧೭೯೨ರಲ್ಲಿ ಮೆಕಾರ್ಟ್ನಿ ಪ್ರಭುವನ್ನು ರಾಯಭಾರಿಯಾಗಿ ಕಳುಹಿಸಿತು. ಕನ್ನಡಿಗರಿಗೆ ಈತ ತೀರ ಅಪರಿಚಿತನಲ್ಲ. ೧೭೮೪ರಲ್ಲಿ ಟಿಪ್ಪು ಸುಲ್ತಾನನೊಡನೆ ಮಂಗಳೂರಿನ ಒಪ್ಪಂದವಾದಾಗ ಮದರಾಸಿನ ಗವರ್ನರನಾಗಿದ್ದವನು ಇವನೇ. ಗಡಿಯಾರ, ದೂರದರ್ಶಕ, ಗ್ರಹಗಳ ಚಲನೆಯನ್ನು ತೋರಿಸುವ ಯಂತ್ರ ಮೊದಲಾದ ಕಾಣಿಕೆಗಳನ್ನು ಆತ ಹೊತ್ತು ತಂದನು. ಮೂರು ಬಾರಿ ಮೊಣಕಾಲೂರಿ ಒಂಬತ್ತು ಬಾರಿ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕೆಂಬುದು ಚೀನೀ ಆಸ್ಥಾನದ ಪದ್ಧತಿ. ತನ್ನ ದೊರೆಗೆ ಬಾಗುವಂತೆ ಒಂದು ಮೊಣಕಾಲನ್ನು ಮಾತ್ರ ಮಡಿಯುವೆನೆಂದನು ಮೆಕಾರ್ಟ್ನಿ. ಚಕ್ರವರ್ತಿಯು ಅವನನ್ನು ಸತ್ಕರಿಸಿದನು. ಆದರೆ ತನ್ನ ರಾಜ್ಯದಲ್ಲಿ ಯಾವುದಕ್ಕೂ ಕೊರತೆಯಿಲ್ಲವೆಂದು ತಿಳಿಸಿ ಬೇಡಿಕೆಗಳನ್ನೆಲ್ಲ ತಳ್ಳಿಹಾಕಿದನು. ವ್ಯಾಪಾರವು ರಾಷ್ಟ್ರಗಳ ಹಕ್ಕು ಎಂದು ಒಬ್ಬರು ತಿಳಿದಿದ್ದರು. ಅದು ಚಕ್ರವರ್ತಿಯ ಅನುಗ್ರಹ ಎಂದು ಇನ್ನೊಬ್ಬರು ತಿಳಿದಿದ್ದರು.

ಯಾರ ತಪ್ಪಿಗೆ ಯಾರು ಹೊಣೆ?

ಇದಕ್ಕಿಂತ ಆಳವಾದ ಭೇದವೊಂದು ನದಿಯ ಮೇಲೆಯೇ ಪ್ರಕಟವಾಗಿದ್ದಿತು. ೧೭೮೪ರ ನವೆಂಬರಿನಲ್ಲಿ ಮುಂಬಯಿಯ ‘ಲೇಡಿ ಹ್ಯೂಸ್’ ಎಂಬ ಹಡಗು ಗೌರವಾರ್ಥವಾಗಿ ತೋಪು ಹಾರಿಸಿತು. ಪಕ್ಕದ ದೋಣಿಯೊಂದಕ್ಕೆ ಏಟು ತಗುಲಿ ಇಬ್ಬರು ಚೀನೀಯರು ಪ್ರಾಣ ಬಿಟ್ಟರು. ತೋಪು ಹಾರಿಸಿದವನನ್ನು ಒಪ್ಪಿಸಿರೆಂದು ಅಧಿಕಾರಿಗಳು ಕೇಳಿದರು. ಅವನು ತಲೆಮರೆಸಿಕೊಂಡಿರುವನೆಂದು ಇಂಗ್ಲಿಷರು ಹೇಳಿದರು. ಕೂಡಲೆ ಆ ಹಡಗಿನ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಮಿತ್ ಎಂಬವನನ್ನು ಸೆರೆಹಿಡಿಯಲಾಯಿತು. ಎಲ್ಲ ರಾಷ್ಟ್ರಗಳ ವ್ಯಾಪಾರವೂ ನಿಂತುಹೋಯಿತು. ಕೊನೆಗೆ ಇಂಗ್ಲಿಷರು ಆ ಗೋಲಂದಾಜನನ್ನು ಒಪ್ಪಿಸಿದರು. ೧೭೮೫ರ ಜನವರಿಯಲ್ಲಿ ಅವನ ಕತ್ತು ಬಿಗಿದು ಕೊಂದರು.

ಪಾಶ್ಚಾತ್ಯರು ತಲ್ಲಣಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂಬುದು ಅವರ ನ್ಯಾಯ. ಅದೂ ಬೇಕೆಂದು ಮಾಡಿದ್ದರೆ ಮಾತ್ರ. ಆಕಸ್ಮಿಕಕ್ಕೆ ಪ್ರಾಣದಂಡವೆ? ಒಬ್ಬನ ಕೈತಪ್ಪಿಗೆ ಇನ್ನೊಬ್ಬನಿಗೆ ಸೆರೆಯೆ? ಚೀನೀ ಅಧಿಕಾರಿಗಳ ಎಣಿಕೆ ಬೇರೆ. ಮನೆಯ ಮಕ್ಕಳ ನಡತೆಗೆ ಯಜಮಾನ ಹೊಣೆಯಾಗುವಂತೆ ಹಡಗಿನವರ ನಡತೆಗೆ ಹಡಗಿನ ಹಿರಿಯ ಹೊಣೆ. ಎರಡು ಜೀವಗಳು ಹೋಗಿರುವಾಗ, ಕಾಣದಾದನೆಂದು ಹೇಳಿ ಗುಂಪಿಗೆ ಗುಂಪೇ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ?

ಕ್ಯಾಂಟನ್ನಿನ ವ್ಯಾಪಾರವೆಲ್ಲ ನಿಂತಿದ್ದುದು ಈ ಹೊಣೆಯ ಮೇಲೆಯೇ. ಪರಕೀಯರೊಡನೆ ವ್ಯವಹರಿಸುವ ಅಧಿಕಾರ ‘ಕೋಹಾಂಗ್’ ಎಂಬ ಚೀನೀ ವರ್ತಕರ ಕೂಟಕ್ಕೆ ಮಾತ್ರ ಇದ್ದಿತು. ಬಂದ ಪ್ರತಿಯೊಂದು ಹಡಗಿಗೂ ಇವರಲ್ಲೊಬ್ಬನು ಜಾಮೀನು ನಿಲ್ಲಬೇಕು. ಹಡಗಿನ ಸುಂಕಕ್ಕೂ ನಾವಿಕರ ನಡತೆಗೂ ಅವನೇ ಉತ್ತರವಾದಿ. ಕೂಟದಲ್ಲೊಬ್ಬನು ದಿವಾಳಿಯಾದರೆ ಅವನು ಪರಕೀಯರಿಗೆ ಕೊಡಬೇಕಾದ ಸಾಲವನ್ನು ಉಳಿದವರು ಸೇರಿ ತೀರಿಸಬೇಕು. ಅದಕ್ಕಾಗಿ ವ್ಯಾಪಾರದ ಮೇಲೆ ಒಂದು ಕರವನ್ನೆತ್ತಿ ನಿಧಿಯನ್ನೂ ಮಾಡಿದ್ದರು. ಗೋಲಂದಾಜನ ಕಥೆಯನ್ನು ಹೇಳಿ ನಿಡುಸುಯ್ಯುತ್ತಿದ್ದ ಪಾಶ್ಚಾತ್ಯರೇ ಈ ಏರ್ಪಾಡನ್ನು ನೆಮ್ಮಿ ಲಕ್ಷಾಂತರ ಡಾಲರುಗಳನ್ನು ಸಾಲ ಕೊಟ್ಟರು.

ಆ ಕೂಟದ ಹಿರಿಯ ಹೌಕ್ವಾ. ೧೮೩೪ರಲ್ಲಿ ಅವನ ಸಂಪತ್ತು ಎರಡು ಕೋಟಿ ಅರುವತ್ತು ಲಕ್ಷ ಡಾಲರೆಂದು ಅಂದಾಜು ಮಾಡಲಾಗಿದ್ದಿತು. ಜಗತ್ತಿನ ಅತ್ಯಂತ ಸಿರಿವಂತ ವರ್ತಕರಲ್ಲೊಬ್ಬನೆಂದು ಅವನು ಹೆಸರಾಗಿದ್ದನು. ಎಪ್ಪತ್ತೆರಡು ಸಾವಿರ ಡಾಲರು ಸಾಲ ಹೊತ್ತು, ಊರಿಗೆ ಹಿಂದಿರುಗಲಾರದೆ ಕೊರಗುತ್ತಿದ್ದ ಅಮೆರಿಕನ್ ಮಿತ್ರನೊಬ್ಬನ ಸಾಲಪತ್ರವನ್ನು ಅವನು ಹರಿದುಹಾಕಿ ಬೀಳ್ಕೊಟ್ಟನೆಂದು ಅಂದಿನ ಅಮೆರಿಕನ್ ವರ್ತಕ ವಿಲಿಯಂ ಹಂಟರ್ ಬರೆದಿಟ್ಟಿದ್ದಾನೆ. ಮುಂದೆ ಹೌಕ್ವಾನ ಹಣ ಫೋರ್ಬ್ಸ್ ಮನೆತನದವರ ಮೂಲಕ ಅಮೆರಿಕದ ರೈಲುದಾರಿಗಳಲ್ಲಿಯೂ ತೊಡಗಿತು.

ಹಣಕ್ಕಿಂತ ಹೆಚ್ಚಿನದೊಂದು ಕ್ಯಾಂಟನ್ನಿನಿಂದ ಅಮೆರಿಕವನ್ನು ಸೇರಿತು. ಬ್ಯಾಂಕುಗಳು ಮುರಿದು ಜನ ಕಂಗೆಟ್ಟಿದ್ದ ಕಾಲದಲ್ಲಿ, ೧೮೨೯ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೋಶುವಾ ಫೋರ್ಮನ್ ಎಂಬವನು ಒಂದು ಸಲಹೆಯನ್ನು ಮುಂದಿಟ್ಟನು. ಕ್ಯಾಂಟನ್ನಿನ ವರ್ತಕರು ಒಬ್ಬರ ಸಾಲಕ್ಕೆ ಒಬ್ಬರು ಹೊಣೆಯಾಗುವಂತೆ ಬ್ಯಾಂಕುಗಳೂ ಆಗಬೇಕು. ಎಲ್ಲವೂ ಒಂದು ನಿಧಿಗೆ ಹಣ ಕೊಟ್ಟು, ಮುರಿದ ಬ್ಯಾಂಕಿನ ಸಾಲವನ್ನು ಅದರಿಂದ ತೀರಿಸಬೇಕು. ಅದೇ ವರ್ಷ ಅದು ಶಾಸನವಾಯಿತು. ಕೆಲವು ಬ್ಯಾಂಕುಗಳು ಒಟ್ಟಿಗೆ ಮುರಿದಾಗ ಆ ನಿಧಿ ಸಾಲದಾಯಿತು; ವಿಚಾರ ಮಾತ್ರ ಅಳಿಯಲಿಲ್ಲ. ೧೯೩೩ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಠೇವಣಿ ವಿಮೆ ಬಂದಿತು. ೧೯೬೦ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ, ೧೯೬೨ರಲ್ಲಿ ಭಾರತದಲ್ಲಿಯೂ ಬಂದಿತು. ಬೆಂಗಳೂರಿನ ಗೃಹಿಣಿಯ ಪಾಸ್‌ಬುಕ್ಕಿನ ಹಿಂದೆ ನಿಂತಿರುವ ಭರವಸೆಯ ವಂಶವೃಕ್ಷದಲ್ಲಿ, ರೇಷ್ಮೆಯ ನಿಲುವಂಗಿ ತೊಟ್ಟ ಕ್ಯಾಂಟನ್ನಿನ ವರ್ತಕರಿಗೂ ಒಂದು ಸ್ಥಾನವಿದೆ.

ಅಫೀಮಿನ ಪೆಟ್ಟಿಗೆಗಳು

ಬೆಳ್ಳಿಯ ಹರಿವನ್ನು ತಿರುಗಿಸಿದುದು ಅಫೀಮು. ಬಿಹಾರ ಮತ್ತು ಬನಾರಸ್ ಪ್ರಾಂತಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಗಸಗಸೆಯನ್ನು ಬೆಳೆಸಿ ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದಿತು. ಮಾಳವದ ಅಫೀಮು ಮುಂಬಯಿಯಿಂದ ಹೊರಡುತ್ತಿದ್ದಿತು. ಚೀನದಲ್ಲಿ ಅದಕ್ಕೆ ನಿಷೇಧವಿದ್ದರೂ ಕಳ್ಳದೋಣಿಗಳು ನಿಲ್ಲಲಿಲ್ಲ. ೧೮೩೦ರ ದಶಕದ ಹೊತ್ತಿಗೆ ಬೆಳ್ಳಿ ಚೀನದಿಂದ ಹೊರಕ್ಕೆ ಹರಿಯತೊಡಗಿತು. ಸಹಸ್ರಾರು ಮನೆಗಳು ಹಾಳಾದವು.

೧೮೩೯ರಲ್ಲಿ ಲಿನ್ ಝೆಷು ಎಂಬ ನಿಷ್ಠಾವಂತ ಅಧಿಕಾರಿ ಕ್ಯಾಂಟನ್ನಿಗೆ ಬಂದನು. ತಪ್ಪಿತಸ್ಥರು ಯಾರು, ನಿರಪರಾಧಿಗಳು ಯಾರು ಎಂದು ಹೆಕ್ಕುತ್ತ ಕೂಡದೆ ಕೋಠಿಗಳನ್ನೆಲ್ಲ ಸುತ್ತುವರಿದು, ಅಫೀಮನ್ನು ಒಪ್ಪಿಸುವವರೆಗೆ ಪರಕೀಯರನ್ನೆಲ್ಲ ದಿಗ್ಬಂಧಿಸಿದನು. ಇದೂ ಆ ಹಳೆಯ ಸಾಮೂಹಿಕ ಹೊಣೆಯೇ. ಇಪ್ಪತ್ತು ಸಾವಿರಕ್ಕೂ ಮೀರಿದ ಪೆಟ್ಟಿಗೆಗಳು ಕೈಸೇರಿದವು. ಜೂನ್ ತಿಂಗಳಲ್ಲಿ ಹೂಮೆನ್ ಎಂಬಲ್ಲಿ ಉಪ್ಪುನೀರು ಸುಣ್ಣಗಳನ್ನು ತುಂಬಿದ ಹೊಂಡಗಳಲ್ಲಿ ಅವನ್ನು ಕರಗಿಸಿ ಕಡಲಿಗೆ ಬಿಡಲಾಯಿತು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಪೆಟ್ಟಿಗೆಗಳನ್ನು ಒಪ್ಪಿಸುವಾಗ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್ ಅವನ್ನು ತನ್ನ ರಾಣಿಯ ಸರ್ಕಾರದ ಹೆಸರಿನಲ್ಲಿ ವರ್ತಕರಿಂದ ಪಡೆದು, ಅವರಿಗೆ ಪರಿಹಾರದ ಮಾತು ಕೊಟ್ಟಿದ್ದನು. ಕೆಲವು ವರ್ತಕರ ನಷ್ಟ ಹೀಗೆ ಇಡೀ ರಾಷ್ಟ್ರದ ನಷ್ಟವಾಯಿತು. ಒಬ್ಬನ ತಪ್ಪಿಗೆ ಒಬ್ಬನೇ ಹೊಣೆಯೆಂದು ವಾದಿಸಿದವರು ಕೆಲವರ ಅಫೀಮಿಗಾಗಿ ಒಂದು ದೇಶದ ಮೇಲೆ ಯುದ್ಧ ಹೂಡಿದರು. ೧೮೪೨ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಬ್ರಿಟನ್ನಿಗೆ ಹೋಯಿತು, ಐದು ರೇವುಗಳು ತೆರೆದವು, ಕೋಹಾಂಗ್ ಕೊನೆಗಂಡಿತು. ಚೀನ ತೆರಬೇಕಾಗಿದ್ದ ಎರಡು ಕೋಟಿ ಹತ್ತು ಲಕ್ಷ ಡಾಲರುಗಳಲ್ಲಿ ಅರುವತ್ತು ಲಕ್ಷ ಅಫೀಮಿನ ಬೆಲೆ, ಮೂವತ್ತು ಲಕ್ಷ ಚೀನೀ ವರ್ತಕರ ಹಳೆಯ ಸಾಲ, ಉಳಿದುದು ಯುದ್ಧದ ವೆಚ್ಚ. ಮುಂದಿನ ವರ್ಷ, ಚೀನದ ನೆಲದಲ್ಲಿ ತಪ್ಪು ಮಾಡಿದ ಇಂಗ್ಲಿಷನನ್ನು ಇಂಗ್ಲಿಷರೇ ವಿಚಾರಿಸುವ ವಿಶೇಷಾಧಿಕಾರವನ್ನೂ ಪಡೆದುಕೊಂಡರು. ಗೋಲಂದಾಜನ ನೆನಪು ಅವರಲ್ಲಿ ಮಾಸಿರಲಿಲ್ಲ. ಈ ಅಧಿಕಾರ ಕೊನೆಗೊಂಡುದು ೧೯೪೩ರಲ್ಲಿ.

೧೮೫೬ರಲ್ಲಿ ಕೋಠಿಗಳು ಬೆಂಕಿಗೆ ಆಹುತಿಯಾದವು. ಎರಡನೆಯ ಅಫೀಮು ಯುದ್ಧದ ಕಾಲದಲ್ಲಿ ಪರಕೀಯರು ಷಾಮಿಯನ್ನಿನ ಮರಳುದಿಣ್ಣೆಗೆ ಕಲ್ಲು ಕಟ್ಟಿ, ಕಾಲುವೆ ತೋಡಿ, ತಮ್ಮದೇ ಆದ ದ್ವೀಪವನ್ನು ಮಾಡಿಕೊಂಡರು. ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಪಾಲು ಫ್ರೆಂಚರಿಗೆ. ಒಂದು ಕಾಲಕ್ಕೆ ಪರಕೀಯನು ಊರಿನ ಗೋಡೆಯ ಹೊರಗಿದ್ದನು. ಈಗ ಊರಿನವನು ಪರಕೀಯನ ಸೇತುವೆಯ ಹೊರಗೆ ನಿಲ್ಲಬೇಕಾಯಿತು. ೧೯೨೫ರ ಜೂನ್ ೨೩ರಂದು ಕಾರ್ಮಿಕರೂ ವಿದ್ಯಾರ್ಥಿಗಳೂ ಕಾಲುವೆಯ ಆಚೆ ದಂಡೆಯಲ್ಲಿ ಮೆರವಣಿಗೆ ಹೊರಟಾಗ ದ್ವೀಪದಿಂದ ಗುಂಡು ಹಾರಿತು. ಐವತ್ತಕ್ಕೂ ಹೆಚ್ಚು ಚೀನೀಯರು ಮಡಿದರು. ಆರನೆಯ ತಿಂಗಳಿನ ಇಪ್ಪತ್ತಮೂರನೆಯ ದಿನ: ‘ಆರು-ಎರಡು-ಮೂರು ರಸ್ತೆ’ ಎಂಬ ಹೆಸರಿನ ಅರ್ಥ ಇದೇ.

ಪಗೋಡದ ನೆರೆಯಲ್ಲಿ

ನಗರದ ಪೂರ್ವಕ್ಕೆ, ನದಿಯ ಕೆಳಹರಿವಿನಲ್ಲಿ, ಪಾಝೌ ಎಂಬ ಸ್ಥಳದಲ್ಲಿ ಸುಮಾರು ೧೬೦೦ರಲ್ಲಿ ಕಟ್ಟಿದ ಒಂಬತ್ತು ನೆಲೆಗಳ ಪಗೋಡವಿದೆ. ದೂರದಿಂದಲೇ ಅದನ್ನು ಕಂಡು ಪಾಶ್ಚಾತ್ಯ ಕಪ್ತಾನರು ಹುವಾಂಗ್‌ಪು ಲಂಗರುದಾಣ ಸಮೀಪಿಸಿತೆಂದು ತಿಳಿಯುತ್ತಿದ್ದರು. ಅಲ್ಲಿಗೆ ಸ್ವಲ್ಪ ದೂರದ ಚಾಂಗ್‌ಝೌ ದ್ವೀಪದಲ್ಲಿ, ಮುಂಬಯಿಯಿಂದ ಬಂದು ಹಿಂದಿರುಗದೇ ಹೋದ ಪಾರಸಿ ವರ್ತಕರ ಸಮಾಧಿಗಳಿವೆ.

ಆ ಹಳೆಯ ಪಗೋಡದ ನೆರೆಯಲ್ಲಿಯೇ ಇಂದು ಕ್ಯಾಂಟನ್ ಜಾತ್ರೆಯ ವಿಶಾಲವಾದ ಭವನಗಳು ಹಬ್ಬಿವೆ. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ನಡೆಯುವ ಈ ಸರಕುಮೇಳ ಮೊದಲಾದುದು ೧೯೫೭ರಲ್ಲಿ. ಅಮೆರಿಕ ಆಗ ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿದ್ದಿತು. ಅಮೆರಿಕನ್ ವರ್ತಕರಿಗೆ ಇಲ್ಲಿಗೆ ಮೊದಲ ಆಹ್ವಾನ ಬಂದುದು ೧೯೭೨ರಲ್ಲಿ. ೨೦೦೧ರಲ್ಲಿ ಚೀನ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಅನಂತರದ ಕಥೆ ಎಲ್ಲ ಮನೆಗಳಿಗೂ ಗೊತ್ತು. ಆಟಿಕೆ, ದೂರವಾಣಿ, ದೀಪದ ಸರಗಳ ರೂಪದಲ್ಲಿ ಅದು ಮನೆಯೊಳಕ್ಕೇ ಬಂದಿದೆ.

೨೦೧೮ರಲ್ಲಿ ಅಮೆರಿಕ ಚೀನದ ಸರಕುಗಳ ಮೇಲೆ ಸುಂಕ ಏರಿಸಿತು, ಚೀನವೂ ಸುಮ್ಮನಿರಲಿಲ್ಲ. ೨೦೨೫ರ ಏಪ್ರಿಲಿನಲ್ಲಿ ಅಮೆರಿಕದ ಸುಂಕ ಶೇಕಡ ೧೪೫ಕ್ಕೂ ಚೀನದ್ದು ೧೨೫ಕ್ಕೂ ಏರಿ, ಮೇ ತಿಂಗಳಲ್ಲಿ ಜಿನೀವದ ಮಾತುಕತೆಯ ಬಳಿಕ ಇಳಿದವು. ಚಹದ ಮೇಲೆ ಹಿಂದೊಮ್ಮೆ ಇದ್ದ ೧೧೯ನ್ನೂ ಈ ಅಂಕಿಗಳು ಮೀರಿಸಿದ್ದವು.

ದೂರುಗಳನ್ನು ಕಿವಿಗೊಟ್ಟು ಕೇಳಿದರೆ ಹಳೆಯ ದನಿಗಳೇ ಕೇಳಿಸುತ್ತವೆ. ಚೀನದ ಕಂಪೆನಿಯ ಬೆನ್ನಿಗೆ ಇಡೀ ರಾಜ್ಯವೇ ನಿಂತಿದೆ, ಇದು ಸಮನಾದ ಸ್ಪರ್ಧೆಯಲ್ಲ ಎಂದು ಪಶ್ಚಿಮ ಆಕ್ಷೇಪಿಸುತ್ತದೆ. ಒಂದು ದೇಶದ ಸರಕಿಗೆಲ್ಲ ದಂಡ ವಿಧಿಸುವುದು ಯಾವ ನ್ಯಾಯ ಎಂದು ಚೀನ ಕೇಳುತ್ತದೆ. ಹಿಂದೆ ಗುಂಪಿನ ಹೊಣೆಯನ್ನು ಹಳಿದವರು ಇಂದು ಗುಂಪಿಗೆಲ್ಲ ಸುಂಕ ಹಾಕುತ್ತಾರೆ. ಹಿಂದೆ ಗುಂಪನ್ನೆಲ್ಲ ಹಿಡಿದಿಟ್ಟವರು ಇಂದು ಅದನ್ನು ಅನ್ಯಾಯವೆನ್ನುತ್ತಾರೆ. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಾಗುವ ಉಪಾಯವನ್ನು ಫೋರ್ಮನ್ ಎದುರಾಳಿಯಿಂದ ಕಲಿತಾಗ ಅವನ ಮರ್ಯಾದೆಗೇನೂ ಕುಂದು ಬರಲಿಲ್ಲ. ಅಂತಹ ಕಲಿಕೆಗೆ ಎರಡು ಕಡೆಗಳಲ್ಲಿಯೂ ಇಂದು ಪುರಸತ್ತು ಕಡಿಮೆ.

ಸಂಜೆ ಪಾಝೌನಿಂದ ನದಿಯತ್ತ ನೋಡಿದರೆ ದೋಣಿಗಳು ಸಾಗುತ್ತಿರುತ್ತವೆ. ಅವುಗಳ ಹಿಂದೆ ಪಗೋಡದ ಆಕೃತಿ ಕಪ್ಪಾಗುತ್ತ ಬರುತ್ತದೆ. ಇನ್ನೂರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಹಡಗಿನ ಕಪ್ತಾನನು, ಒಂದು ಚಹದ ಪೆಟ್ಟಿಗೆಯನ್ನು ಏರಿಸಿಕೊಳ್ಳುವುದಕ್ಕೂ ಮೊದಲು, ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದಿತು: ನಿನಗೆ ಜಾಮೀನು ಯಾರು? ಆಗ ಹೌಕ್ವಾನಂತಹವನೊಬ್ಬ ಮುಂದೆ ಬಂದು ‘ನಾನು’ ಎನ್ನುತ್ತಿದ್ದನು. ಎರಡು ದಂಡೆಗಳವರೂ ನಂಬುವಂತಹ ಅಂತಹ ಜಾಮೀನುದಾರನು ಇನ್ನೂ ದೊರೆತಿಲ್ಲ.